ಮಾಹಿತಿ ಹಕ್ಕು ಅರ್ಜಿ: ಕರ್ನಾಟಕದ ಕಚೇರಿಗಳಿಗೆ ಬರೆಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಗ್ರಾಮ ಪಂಚಾಯಿತಿ, ತಾಲ್ಲೂಕು ಕಚೇರಿ, ನಗರಸಭೆ, ಲೋಕೋಪಯೋಗಿ ಇಲಾಖೆ, ಸರ್ಕಾರಿ ವಿಶ್ವವಿದ್ಯಾಲಯ ಇಂಥ ಕಡೆ ಅರ್ಜಿ ಹಾಕುವವರಿಗಾಗಿ ಈ ಪುಟ. ಕರ್ನಾಟಕಕ್ಕೆ 2000ದಲ್ಲೇ ತನ್ನದೇ ಮಾಹಿತಿ ಹಕ್ಕು ಕಾನೂನು ಇತ್ತು. ಈಗ ಚಾಲ್ತಿಯಲ್ಲಿರುವುದು 2005ರ ಅಕ್ಟೋಬರ್ 12ರಿಂದ ಪೂರ್ಣವಾಗಿ ಜಾರಿಯಾದ ಕೇಂದ್ರದ ಮಾಹಿತಿ ಹಕ್ಕು ಅಧಿನಿಯಮ. ಕಾನೂನು ಒಂದೇ ಆದರೂ ಶುಲ್ಕ, ಪದಮಿತಿಯಂಥ ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಇಲ್ಲಿರುವುದು ಕರ್ನಾಟಕದ ನಿಯಮ; ಕೇಂದ್ರದ ಕಚೇರಿಗಳಿಗೆ ಬೇರೆ ಇದ್ದಲ್ಲಿ ಅದನ್ನೂ ಹೇಳಿದ್ದೇವೆ.

ಯಾರು ಅರ್ಜಿ ಹಾಕಬಹುದು? ಕಾರಣ ಹೇಳಬೇಕೇ?

ಭಾರತದ ಯಾವ ಪ್ರಜೆಯಾದರೂ ಹಾಕಬಹುದು. ದುಬೈನಲ್ಲೋ ಅಮೆರಿಕದಲ್ಲೋ ಇರುವ ಕನ್ನಡಿಗರ ಬಳಿ ಭಾರತದ ಪಾಸ್‌ಪೋರ್ಟ್ ಇದ್ದರೆ ಅವರೂ ಹಾಕಬಹುದು. ವಿದೇಶಿ ಪೌರತ್ವ ಪಡೆದ ಭಾರತೀಯ ಮೂಲದವರಿಗೆ ಕೊಡುವ ಒಸಿಐ ಕಾರ್ಡ್‌ನವರಿಗೆ ಈ ಹಕ್ಕಿಲ್ಲ. ಸಂಘ, ಟ್ರಸ್ಟ್, ಕಂಪನಿಯ ಹೆಸರಲ್ಲಿ ಬರೆದ ಅರ್ಜಿ ‘ಪ್ರಜೆಯಲ್ಲ’ ಎಂಬ ಹಿಂಬರಹದೊಂದಿಗೆ ವಾಪಸ್ ಬರುವುದುಂಟು. ಹಾಗಾಗಿ ಅಧ್ಯಕ್ಷರೋ ಕಾರ್ಯದರ್ಶಿಯೋ ತಮ್ಮ ಸ್ವಂತ ಹೆಸರಲ್ಲಿ ಸಹಿ ಮಾಡಲಿ.

ಕಾರಣ ಹೇಳಬೇಕಿಲ್ಲ. ಕಲಂ 6(2)ರ ಪ್ರಕಾರ ನಿಮ್ಮನ್ನು ಸಂಪರ್ಕಿಸಲು ಬೇಕಾದಷ್ಟು ವಿವರ ಬಿಟ್ಟು ಬೇರೇನನ್ನೂ ಕೇಳುವಂತಿಲ್ಲ. ಕೌಂಟರ್‌ನಲ್ಲಿ ‘ಯಾಕೆ ಬೇಕು ಇದೆಲ್ಲ?’ ಎಂದರೆ ಉತ್ತರಿಸುವ ಹಂಗಿಲ್ಲ. ವಾದಕ್ಕೆ ನಿಲ್ಲುವ ಅಗತ್ಯವೂ ಇಲ್ಲ, ಸ್ವೀಕೃತಿ ಪಡೆದು ಬನ್ನಿ.

ಕನ್ನಡದಲ್ಲಿ ಬರೆದರೆ ಸಾಕು. ಕರ್ನಾಟಕದಲ್ಲಿರುವ ಕೇಂದ್ರ ಸರ್ಕಾರದ ಕಚೇರಿಗೂ ಕನ್ನಡದ ಅರ್ಜಿ ನಡೆಯುತ್ತದೆ. ಆ ಪ್ರದೇಶದ ಅಧಿಕೃತ ಭಾಷೆಯಲ್ಲಿ ಕೇಳಬಹುದೆಂದು ಕಾನೂನೇ ಹೇಳುತ್ತದೆ. ಬರೆಯಲು ಬಾರದವರು ಬಾಯಲ್ಲಿ ಹೇಳಿದ್ದನ್ನು ಬರೆದುಕೊಳ್ಳಲು ನೆರವಾಗುವುದು ಆ ಕಚೇರಿಯಲ್ಲಿ ಅರ್ಜಿಗಳಿಗೆ ಉತ್ತರಿಸುವ ಸಾರ್ವಜನಿಕ ಮಾಹಿತಿ ಅಧಿಕಾರಿಯ ಕರ್ತವ್ಯ.

‘ನಮ್ಮ ರಸ್ತೆ ಯಾಕೆ ಇನ್ನೂ ಆಗಿಲ್ಲ?’ ಎಂದು ಕೇಳಿದೆ. ‘ಇದು ಮಾಹಿತಿಯಲ್ಲ’ ಎಂದು ಹಿಂಬರಹ ಬಂತು. ಸರಿಯೇ?

ಬೇಸರವಾದರೂ ಹೆಚ್ಚಿನ ಸಲ ಅದು ಸರಿಯೇ. ಅತಿ ಹೆಚ್ಚು ಅರ್ಜಿಗಳು ಎಡವುವುದು ಇಲ್ಲೇ. ಈ ಕಾನೂನು ಕೊಡಿಸುವುದು ಕಚೇರಿಯಲ್ಲಿ ಈಗಾಗಲೇ ಇರುವ ದಾಖಲೆಯನ್ನು. ವಿವರಣೆ, ಅಭಿಪ್ರಾಯ, ಸಮಜಾಯಿಷಿ ಇದರ ವ್ಯಾಪ್ತಿಗೆ ಬರುವುದಿಲ್ಲ. ಕೇಳಿದವರಿಗಾಗಿ ಹೊಸದಾಗಿ ಮಾಹಿತಿ ಸೃಷ್ಟಿಸುವ ಅಥವಾ ಅಭಿಪ್ರಾಯ ಕೊಡುವ ಹೊಣೆ ಕಚೇರಿಗಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ, ಸಿಬಿಎಸ್‌ಇ ಉತ್ತರ ಪತ್ರಿಕೆಗಳ ಪ್ರಕರಣದಲ್ಲಿ ಹೇಳಿದೆ.

ಹಾಗಂತ ‘ಯಾಕೆ’ ಎಂಬುದು ತಿಳಿಯುವುದೇ ಇಲ್ಲವೆಂದಲ್ಲ. ಆ ಉತ್ತರ ಅಡಗಿರುವ ಕಾಗದವನ್ನು ಹೆಸರು ಹಿಡಿದು ಕೇಳಬೇಕು. ರಸ್ತೆಯ ವಿಷಯವನ್ನೇ ತೆಗೆದುಕೊಂಡರೆ ಹೀಗೆ ಬರೆಯಬಹುದು:

‘2023–24ನೇ ಸಾಲಿನಲ್ಲಿ ಮಂಜೂರಾದ, (ಇಂಥಲ್ಲಿಂದ ಇಂಥಲ್ಲಿಯವರೆಗಿನ) ರಸ್ತೆ ಕಾಮಗಾರಿಗೆ ಸಂಬಂಧಿಸಿದ ಈ ದಾಖಲೆಗಳ ದೃಢೀಕೃತ ಪ್ರತಿ ಕೊಡಿ: ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಸಂಬಂಧಿತ ಪುಟಗಳು, ಈವರೆಗೆ ಪಾವತಿಸಿದ ಬಿಲ್ಲುಗಳು, ಗುಣಮಟ್ಟ ಪರೀಕ್ಷಾ ವರದಿ, ಕಾಲಾವಧಿ ವಿಸ್ತರಣೆ ಕೋರಿ ಗುತ್ತಿಗೆದಾರರು ಬರೆದ ಪತ್ರ ಹಾಗೂ ಅದರ ಮೇಲಿನ ಆದೇಶ, ಈ ಕಡತದ ಟಿಪ್ಪಣಿ ಹಾಳೆಗಳು.’

ಟಿಪ್ಪಣಿ ಹಾಳೆಯನ್ನು ಮಾತ್ರ ಮರೆಯಬೇಡಿ. ವಿಷಯ ನಿರ್ವಾಹಕರಿಂದ ಮೇಲಧಿಕಾರಿಯವರೆಗೆ ಯಾರು ಯಾವ ದಿನ ಏನು ಬರೆದರು, ಕಡತ ಯಾರ ಮೇಜಿನ ಮೇಲೆ ಎಷ್ಟು ದಿನ ಕೂತಿತ್ತು ಎಲ್ಲ ಅದರಲ್ಲೇ ಇರುತ್ತದೆ. ಇ-ಆಫೀಸ್ (ಕಡತಗಳು ಕಂಪ್ಯೂಟರಿನಲ್ಲೇ ಸಾಗುವ ವ್ಯವಸ್ಥೆ) ಇರುವ ಕಡೆ ಕಡತದ ಚಲನೆಯ ವಿವರದ ಮುದ್ರಿತ ಪ್ರತಿಯನ್ನೂ ಕೇಳಬಹುದು. ‘ಯಾಕೆ’ ಎಂಬ ಒಂದು ಪದಕ್ಕಿಂತ ಈ ಎರಡು ಕಾಗದ ಹೆಚ್ಚು ಹೇಳುತ್ತವೆ.

ಯಾವ ದಾಖಲೆ ಇದೆ ಎಂದೇ ಗೊತ್ತಿಲ್ಲದಿದ್ದರೆ?

ಕಡತ ಪರಿಶೀಲನೆ ಕೇಳಿ. ದಾಖಲೆ ನೋಡುವುದು, ಟಿಪ್ಪಣಿ ಮಾಡಿಕೊಳ್ಳುವುದು, ಕಾಮಗಾರಿಯನ್ನು ಸ್ಥಳದಲ್ಲೇ ಪರಿಶೀಲಿಸುವುದು, ಬಳಸಿದ ಸಾಮಗ್ರಿಯ ಮಾದರಿ ಪಡೆಯುವುದು ಎಲ್ಲವೂ ಕಲಂ 2(ಜೆ)ಯಲ್ಲಿ ಹಕ್ಕಾಗಿಯೇ ಇವೆ. ದೊಡ್ಡ ಕಡತವಾದರೆ ಮೊದಲು ನೋಡಿ, ಬೇಕಾದ ಪುಟಗಳ ಸಂಖ್ಯೆ ಬರೆದುಕೊಟ್ಟು ಅಷ್ಟರ ಪ್ರತಿ ಪಡೆಯಿರಿ. ನೂರಾರು ಪುಟಕ್ಕೆ ಸುಮ್ಮನೆ ಹಣ ಕಟ್ಟುವುದು ತಪ್ಪುತ್ತದೆ. ‘ದಾಖಲೆ ಅಗಾಧವಾಗಿದೆ, ಸಿಬ್ಬಂದಿ ಇಲ್ಲ’ ಎಂಬ ನೆಪಕ್ಕೂ ದಾರಿ ಉಳಿಯುವುದಿಲ್ಲ.

ಪರಿಶೀಲನೆಗೆ ಹೋದಾಗ ಪುಟಗಳಿಗೆ ಸಂಖ್ಯೆ ಹಾಕಿದೆಯೇ ಎಂದು ಮೊದಲು ನೋಡಿ. ಇಲ್ಲದಿದ್ದರೆ, ನೋಡಿದ ಒಟ್ಟು ಪುಟಗಳೆಷ್ಟು ಎಂದು ಬರೆದು, ಅಲ್ಲೇ ಇರುವ ಅಧಿಕಾರಿಯ ಸಹಿ ಪಡೆಯಿರಿ. ಮುಂದೆ ಒಂದು ಹಾಳೆ ಕಾಣೆಯಾದರೂ ಆ ಚೀಟಿ ಕೆಲಸಕ್ಕೆ ಬರುತ್ತದೆ.

ಅರ್ಜಿಯೇ ಬೇಡದೆ ಸಿಗುವುದು ಯಾವುದು?

ಪಹಣಿ, ಮ್ಯುಟೇಷನ್ ಪ್ರತಿಗೆ ಭೂಮಿ ತಂತ್ರಾಂಶ, ಋಣಭಾರ ಪತ್ರಕ್ಕೆ ನೋಂದಣಿ ಇಲಾಖೆಯ ಕಾವೇರಿ ಜಾಲತಾಣ ಇವೆ. ಇದಕ್ಕೆಲ್ಲ ಮಾಹಿತಿ ಹಕ್ಕಿನ ಅರ್ಜಿ ಹಾಕಿ 30 ದಿನ ಕಾಯುವುದು ದಂಡ. ಸರ್ಕಾರದ ಹಲವು ಯೋಜನೆಗಳ ಊರುವಾರು ವಿವರ ‘ಮಾಹಿತಿ ಕಣಜ’ ಜಾಲತಾಣದಲ್ಲಿ ಸಿಗುತ್ತದೆ. ಪ್ರತಿ ಕಚೇರಿಯೂ ಕಲಂ 4(1)(ಬಿ) ಅಡಿ 17 ಬಗೆಯ ವಿವರಗಳನ್ನು ತಾನಾಗಿಯೇ ಪ್ರಕಟಿಸಬೇಕು: ಅಧಿಕಾರಿಗಳ ಕರ್ತವ್ಯ, ಸಂಬಳ, ಬಜೆಟ್, ಸಹಾಯಧನ ಪಡೆದವರ ವಿವರ, ಪರವಾನಗಿ ಪಡೆದವರ ವಿವರ ಇತ್ಯಾದಿ. ಪ್ರಕಟಿಸಿರುವ ಪುಸ್ತಿಕೆ ಐದಾರು ವರ್ಷ ಹಳೆಯದಾಗಿರುವುದು ಮಾಮೂಲು. ಹಾಗಿದ್ದರೆ ‘ಕಲಂ 4(1)(ಬಿ) ಅಡಿ ಪರಿಷ್ಕೃತ ಪ್ರತಿ ಕೊಡಿ’ ಎಂದೇ ಅರ್ಜಿ ಹಾಕಬಹುದು.

ನ್ಯಾಯಾಲಯದ ಕಡತದ ಪ್ರತಿಗೆ ಆಯಾ ನ್ಯಾಯಾಲಯದ ನಿಯಮದಂತೆ ನಕಲು ಅರ್ಜಿಯನ್ನೇ ಹಾಕಬೇಕು. ಸುಪ್ರೀಂ ಕೋರ್ಟ್ 2020ರಲ್ಲಿ ಇದನ್ನು ಖಚಿತಪಡಿಸಿದೆ.

ಇನ್ನು ಜಾತಿ ಪ್ರಮಾಣಪತ್ರ, ಖಾತೆಯಂಥ ಸೇವೆ ತಡವಾದರೆ ಅದು ಸಕಾಲದ, ಅಂದರೆ ಗೊತ್ತಾದ ಅವಧಿಯಲ್ಲಿ ಸೇವೆ ಕೊಡಿಸುವ ರಾಜ್ಯದ ಕಾನೂನಿನ ವಿಷಯ. ಅಲ್ಲಿ ತಡವಾದ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ವೆಚ್ಚಕ್ಕೆ ಅವಕಾಶವಿದೆ. ಮಾಹಿತಿ ಹಕ್ಕಿನ ಅರ್ಜಿಯಿಂದ ಪ್ರಮಾಣಪತ್ರ ಬರುವುದಿಲ್ಲ, ಅದು ಎಲ್ಲಿ ನಿಂತಿದೆ ಎಂಬುದು ತಿಳಿಯುತ್ತದೆ ಅಷ್ಟೆ.

ಅರ್ಜಿಗೆ ನಮೂನೆ ಇದೆಯೇ? ಎಷ್ಟು ಉದ್ದ ಬರೆಯಬಹುದು?

ಕರ್ನಾಟಕದಲ್ಲಿ ‘ನಮೂನೆ ಎ’ ಬಳಕೆಯಲ್ಲಿದೆ. ಅದೇ ವಿವರಗಳನ್ನು ಬಿಳಿ ಹಾಳೆಯಲ್ಲಿ ಬರೆದರೂ ಅರ್ಜಿಯೇ.

ಉದ್ದದ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. 2008ರ ತಿದ್ದುಪಡಿಯ ನಂತರ ಇಲ್ಲಿನ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಎರಡು ವಿಷಯ ಬೆರೆಸಿದರೆ ಮೊದಲನೆಯದಕ್ಕಷ್ಟೇ ಉತ್ತರಿಸಿ, ಮಿಕ್ಕಿದ್ದಕ್ಕೆ ಬೇರೆ ಅರ್ಜಿ ಹಾಕಿ ಎನ್ನಲು ಅಧಿಕಾರಿಗೆ ಅವಕಾಶವಿದೆ. ಕೇಂದ್ರದ ನಿಯಮದಲ್ಲಿ ಮಿತಿ 500 ಪದ. ಅದು ಮೀರಿತೆಂಬ ಒಂದೇ ಕಾರಣಕ್ಕೆ ಅರ್ಜಿ ತಿರಸ್ಕರಿಸುವಂತಿಲ್ಲ ಎಂದೂ ಅಲ್ಲಿ ಹೇಳಿದೆ. ಕರ್ನಾಟಕದ ನಿಯಮ ಅದಕ್ಕಿಂತ ಬಿಗಿ. ಆದ್ದರಿಂದ ಪೀಠಿಕೆ, ದೂರು, ಹಳೆಯ ಪತ್ರವ್ಯವಹಾರದ ಕಥೆ ಎಲ್ಲ ಬಿಟ್ಟು ನೇರ ದಾಖಲೆಗಳ ಪಟ್ಟಿಗೆ ಬನ್ನಿ. ಅವಧಿಯನ್ನು ತಪ್ಪದೆ ನಮೂದಿಸಿ. ‘ಇಲ್ಲಿಯವರೆಗಿನ ಎಲ್ಲ ಕಾಮಗಾರಿ’ ಎನ್ನುವುದಕ್ಕಿಂತ ‘1.4.2022ರಿಂದ 31.3.2024ರವರೆಗೆ’ ಎಂದಾಗ ಜಾರಿಕೊಳ್ಳುವುದು ಕಷ್ಟ.

ಶುಲ್ಕ ಎಷ್ಟು? ಪೋಸ್ಟಲ್ ಆರ್ಡರ್‌ನಲ್ಲಿ ಏನು ತಪ್ಪಾಗುತ್ತದೆ?

ಅರ್ಜಿಗೆ 10 ರೂಪಾಯಿ. ಎ4 ಪುಟದ ಪ್ರತಿಗೆ 2 ರೂಪಾಯಿ. ಬಡತನ ರೇಖೆಗಿಂತ ಕೆಳಗಿರುವವರು ಬಿಪಿಎಲ್ ಕಾರ್ಡಿನ ಪ್ರತಿ ಲಗತ್ತಿಸಿದರೆ ಅರ್ಜಿ ಶುಲ್ಕವಿಲ್ಲ. ನಗದು ಕಟ್ಟಿದರೆ ರಸೀದಿ ಪಡೆಯಲೇಬೇಕು. ಅಂಚೆಯಲ್ಲಿ ಕಳಿಸುವವರಿಗೆ ಇಂಡಿಯನ್ ಪೋಸ್ಟಲ್ ಆರ್ಡರ್ ಸುಲಭ.

ಪೋಸ್ಟಲ್ ಆರ್ಡರ್ ಅಧಿಕಾರಿಯ ಸ್ವಂತ ಹೆಸರಿಗೆ ಬೇಡ, ಹುದ್ದೆಯ ಹೆಸರಿಗಿರಲಿ. ವರ್ಗಾವಣೆಯಾದವರ ಹೆಸರಲ್ಲಿದ್ದರೆ ಅದು ನಗದಾಗದೆ ವಾಪಸ್ ಬರುತ್ತದೆ. ಕೇಂದ್ರದ ಕಚೇರಿಗಾದರೆ ‘ಅಕೌಂಟ್ಸ್ ಆಫೀಸರ್’ ಎಂದು ಬರೆಯಬೇಕು. ಅದರ ಸಂಖ್ಯೆ, ದಿನಾಂಕವನ್ನು ಅರ್ಜಿಯಲ್ಲಿ ನಮೂದಿಸಿ, ಮೊಬೈಲಿನಲ್ಲಿ ಒಂದು ಫೋಟೊ ಇಟ್ಟುಕೊಳ್ಳಿ. ‘ಶುಲ್ಕ ಲಗತ್ತಿಸಿಲ್ಲ’ ಎಂಬ ಹಿಂಬರಹಕ್ಕೆ ಉತ್ತರ ಆ ಫೋಟೊದಲ್ಲಿದೆ.

ಎಲ್ಲಿ ಕೊಡಬೇಕು? ಆನ್‌ಲೈನ್ ಒಳ್ಳೆಯದೇ?

ಕಚೇರಿಯ ಗೋಡೆಯ ಮೇಲೆ ಮಾಹಿತಿ ಅಧಿಕಾರಿ ಮತ್ತು ಮೊದಲ ಮೇಲ್ಮನವಿ ಪ್ರಾಧಿಕಾರಿ ಯಾರೆಂಬ ಫಲಕ ಇರಬೇಕು. ಗ್ರಾಮ ಪಂಚಾಯಿತಿಯಲ್ಲಿ ಸಾಮಾನ್ಯವಾಗಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಮಾಹಿತಿ ಅಧಿಕಾರಿ, ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿ ಮೇಲ್ಮನವಿ ಪ್ರಾಧಿಕಾರಿ. ಫಲಕ ಇಲ್ಲದಿದ್ದರೆ ‘ಸಾರ್ವಜನಿಕ ಮಾಹಿತಿ ಅಧಿಕಾರಿ, ಇಂಥ ಕಚೇರಿ’ ಎಂದು ಬರೆದರೂ ಸಾಕು.

ಮುದ್ದಾಂ ಕೊಡುವುದಾದರೆ ಎರಡು ಪ್ರತಿ ಒಯ್ದು, ಒಂದರ ಮೇಲೆ ಮೊಹರು, ದಿನಾಂಕ, ಇನ್‌ವರ್ಡ್ ಸಂಖ್ಯೆ ಹಾಕಿಸಿಕೊಳ್ಳಿ. ಟಪಾಲು ಶಾಖೆಯವರು ‘ಸಾಹೇಬರಿಗೆ ಕೇಳಿ ಹೇಳ್ತೀವಿ, ನಾಳೆ ಬನ್ನಿ’ ಎಂದರೆ ನಾಳೆ ಹೋಗಬೇಡಿ. ಅಲ್ಲಿಂದ ನೇರ ಅಂಚೆ ಕಚೇರಿಗೆ ಹೋಗಿ. ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟ್‌ನೊಳಗೆ ವಿಲೀನವಾಗಿರುವುದರಿಂದ ಈಗ ಕಳಿಸಬೇಕಾದ್ದು ಸ್ಪೀಡ್ ಪೋಸ್ಟ್‌ನಲ್ಲಿ. ಟ್ರ್ಯಾಕಿಂಗ್‌ನಲ್ಲಿ ‘ತಲುಪಿದೆ’ ಎಂದು ಬಂದ ದಿನವೇ ಅದನ್ನು ಮುದ್ರಿಸಿಕೊಳ್ಳಿ, ಕೆಲ ತಿಂಗಳ ಬಳಿಕ ಆ ವಿವರ ಜಾಲತಾಣದಲ್ಲಿ ಸಿಗದೇ ಹೋಗಬಹುದು.

ರಾಜ್ಯದ ಕಚೇರಿಗಳಿಗೆ ಮತ್ತು ಕೇಂದ್ರದ ಕಚೇರಿಗಳಿಗೆ ಪ್ರತ್ಯೇಕ ಆನ್‌ಲೈನ್ ಪೋರ್ಟಲ್‌ಗಳಿವೆ. ಇಲಾಖೆಯ ಮುಖ್ಯ ಕಚೇರಿಗೆ ಕೇಳುವುದಾದರೆ ಆನ್‌ಲೈನ್ ಚೆನ್ನ. ದಾಖಲೆ ಹೋಬಳಿ ಮಟ್ಟದಲ್ಲಿದ್ದರೆ ಅರ್ಜಿ ಮೇಲಿನಿಂದ ಕೆಳಕ್ಕೆ ವರ್ಗವಾಗುತ್ತಾ ದಿನ ಕಳೆಯುತ್ತದೆ, ಅಂಥದ್ದಕ್ಕೆ ನೇರ ಕಾಗದವೇ ವಾಸಿ.

ತಪ್ಪು ಕಚೇರಿಗೆ ಕೊಟ್ಟರೆ?

ಕಲಂ 6(3)ರಂತೆ 5 ದಿನದೊಳಗೆ ಸರಿಯಾದ ಕಚೇರಿಗೆ ಅವರೇ ವರ್ಗಾಯಿಸಿ ನಿಮಗೆ ತಿಳಿಸಬೇಕು. ‘ನಮಗೆ ಸಂಬಂಧಿಸಿಲ್ಲ’ ಎಂದು ವಾಪಸ್ ಕಳಿಸುವುದು ಕಾನೂನಿನಲ್ಲಿಲ್ಲ.

ಎಷ್ಟು ದಿನದಲ್ಲಿ ಉತ್ತರ ಬರಬೇಕು?

ಅರ್ಜಿ ಕಚೇರಿಗೆ ತಲುಪಿದ ದಿನದಿಂದ 30 ದಿನ. ನೀವು ಅಂಚೆಗೆ ಹಾಕಿದ ದಿನದಿಂದಲ್ಲ. ಸಹಾಯಕ ಮಾಹಿತಿ ಅಧಿಕಾರಿಗೆ ಕೊಟ್ಟಿದ್ದರೆ ಇನ್ನೈದು ದಿನ ಸೇರುತ್ತದೆ. ಮೂರನೆಯವರ ಮಾಹಿತಿ ಎಂದು ಅವರಿಗೆ ನೋಟಿಸ್ ಕೊಡಬೇಕಾದಲ್ಲಿ 40 ದಿನ. ಜೀವ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ್ದಾದರೆ 48 ಗಂಟೆ. ಇದನ್ನು ಪಿಂಚಣಿ ತಡವಾಯಿತು, ಬಿಲ್ ಬಾಕಿ ಇದೆ ಎಂಬುದಕ್ಕೆಲ್ಲ ಎಳೆದರೆ ಎರಡನೇ ಮೇಲ್ಮನವಿ ಕೇಳುವ ಮಾಹಿತಿ ಆಯೋಗ ಒಪ್ಪುವುದಿಲ್ಲ. ಅಪಾಯ ಕಣ್ಣೆದುರಿಗಿದೆ ಎಂದು ತೋರಿಸಬೇಕು.

30ನೇ ದಿನದ ಹೊತ್ತಿಗೆ ‘ಇಷ್ಟು ಹಣ ಕಟ್ಟಿ’ ಎಂದು ಪತ್ರ ಬಂತು. ಏನು ಮಾಡಬೇಕು?

ಪುಟ ಎಷ್ಟು, ಪುಟಕ್ಕೆ ಎಷ್ಟು, ಒಟ್ಟು ಎಷ್ಟು ಎಂಬ ಲೆಕ್ಕ ಆ ಪತ್ರದಲ್ಲಿರಬೇಕು. ಆ ಲೆಕ್ಕದ ವಿರುದ್ಧ ಯಾರಿಗೆ ಮೇಲ್ಮನವಿ ಹೋಗಬಹುದೆಂದೂ ಇರಬೇಕು. ಪತ್ರ ಕಳಿಸಿದ ದಿನದಿಂದ ನೀವು ಹಣ ಕಟ್ಟುವವರೆಗಿನ ದಿನಗಳು 30ರಲ್ಲಿ ಲೆಕ್ಕಕ್ಕಿಲ್ಲ, ಹಾಗಾಗಿ ನೀವು ತಡ ಮಾಡಿದಷ್ಟೂ ನಷ್ಟ ನಿಮಗೇ. ಪತ್ರ 30 ದಿನ ಕಳೆದ ಮೇಲೆ ಹೊರಟಿದ್ದರೆ ಮಾತು ಬೇರೆ: ಕಲಂ 7(6)ರಂತೆ ಮಾಹಿತಿಯನ್ನು ಉಚಿತವಾಗಿ ಕೊಡಬೇಕು. ಪತ್ರದ ಮೇಲಿನ ದಿನಾಂಕ ಒಂದು, ಲಕೋಟೆಯ ಮೇಲಿನ ಅಂಚೆ ಮೊಹರಿನ ದಿನಾಂಕ ಇನ್ನೊಂದು ಇರುವುದು ಅಪರೂಪವಲ್ಲ. ಲಕೋಟೆಯನ್ನು ಎಸೆಯಬೇಡಿ.

‘ವೈಯಕ್ತಿಕ ಮಾಹಿತಿ, ಕೊಡಲಾಗದು’ ಎಂದಿದ್ದಾರೆ.

ಈಗ ಪದೇ ಪದೇ ಬರುತ್ತಿರುವ ಹಿಂಬರಹ ಇದು, ಇನ್ನು ಮುಂದೆ ಇನ್ನೂ ಹೆಚ್ಚೀತು. ಹಿಂದೆ ಕಲಂ 8(1)(ಜೆ)ಯಲ್ಲಿ ಒಂದು ಅಳತೆಗೋಲಿತ್ತು: ಆ ಮಾಹಿತಿಗೂ ಸಾರ್ವಜನಿಕ ಕೆಲಸಕ್ಕೂ ಸಂಬಂಧ ಇಲ್ಲದಿದ್ದರೆ ಅಥವಾ ಅದು ವ್ಯಕ್ತಿಯ ಖಾಸಗಿತನದ ಅನಗತ್ಯ ಉಲ್ಲಂಘನೆಯಾದರೆ ಮಾತ್ರ ನಿರಾಕರಿಸಬಹುದಿತ್ತು. ಶಾಸನಸಭೆಗೆ ನಿರಾಕರಿಸಲಾಗದ ಮಾಹಿತಿಯನ್ನು ಪ್ರಜೆಗೂ ನಿರಾಕರಿಸುವಂತಿಲ್ಲ ಎಂಬ ಸಾಲೂ ಇತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಕಲಂ 44(3) ಇದನ್ನೆಲ್ಲ ಅಳಿಸಿ, ‘ವೈಯಕ್ತಿಕ ಮಾಹಿತಿಗೆ ಸಂಬಂಧಿಸಿದ ಮಾಹಿತಿ’ ಎಂದಷ್ಟೇ ಉಳಿಸಿತು. ಆ ಬದಲಾವಣೆ 2025ರ ನವೆಂಬರ್‌ನಲ್ಲಿ ಜಾರಿಗೆ ಬಂತು. ಹೆಸರಿರುವ ಯಾವ ಕಾಗದವನ್ನಾದರೂ ಇದರೊಳಗೆ ತುರುಕಬಹುದಾದಷ್ಟು ಅಗಲವಾಗಿದೆ ಈ ಹೊಸ ಸಾಲು. ಕಾನೂನಿಗೆ ಬಿದ್ದ ದೊಡ್ಡ ಪೆಟ್ಟು ಇದು ಎಂಬುದು ನಮ್ಮ ಅಭಿಪ್ರಾಯ.

ಆದರೂ ದಾರಿಗಳಿವೆ. ಕಲಂ 8(2) ಹಾಗೆಯೇ ಇದೆ: ಸಾರ್ವಜನಿಕ ಹಿತ ದೊಡ್ಡದೆಂದು ಕಂಡರೆ ವಿನಾಯಿತಿಯಿದ್ದರೂ ಕೊಡಬಹುದು. ಹಾಗಾಗಿ ಇಂಥ ಅರ್ಜಿಯಲ್ಲಿ ಮಾತ್ರ, ಕಾರಣ ಹೇಳಬೇಕಿಲ್ಲದಿದ್ದರೂ, ಸಾರ್ವಜನಿಕ ಹಿತ ಏನೆಂದು ಒಂದೆರಡು ವಾಕ್ಯದಲ್ಲಿ ಹೇಳುವುದು ಜಾಣತನ. ಕಲಂ 10ರ ಪ್ರಕಾರ ಕೊಡಬಾರದ ಭಾಗವನ್ನು ಮುಚ್ಚಿ ಉಳಿದದ್ದನ್ನು ಕೊಡಬೇಕು. ‘ಹೆಸರು, ಖಾತೆ ಸಂಖ್ಯೆ ಮರೆಮಾಡಿ ಕೊಡಿ’ ಎಂದು ನೀವೇ ಬರೆದುಬಿಡಿ. ಸಿಬ್ಬಂದಿಯ ಸಂಬಳ, ಸಹಾಯಧನದ ಫಲಾನುಭವಿಗಳ ವಿವರ, ಪರವಾನಗಿ ಪಡೆದವರ ವಿವರ ಕಲಂ 4(1)(ಬಿ) ಅಡಿ ಕಚೇರಿ ತಾನಾಗಿ ಪ್ರಕಟಿಸಬೇಕಾದವು. ಅವನ್ನು ಕೇಳುವಾಗ ಆ ಕಲಮನ್ನೇ ಉಲ್ಲೇಖಿಸಿ. ನೌಕರರ ಆಸ್ತಿ ವಿವರ, ಸೇವಾ ಪುಸ್ತಕ, ಅವರ ಮೇಲಿನ ಮೆಮೊಗಳು ಮಾತ್ರ 2012ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರವೇ ಸಿಗುವುದು ಕಷ್ಟವಾಗಿತ್ತು.

‘ತನಿಖೆ ನಡೆಯುತ್ತಿದೆ’ ಎಂಬ ಉತ್ತರಕ್ಕೆ?

ತನಿಖೆ ಇದೆ ಎಂದರೆ ಸಾಲದು, ಮಾಹಿತಿ ಕೊಟ್ಟರೆ ಅದಕ್ಕೆ ಹೇಗೆ ಅಡ್ಡಿಯಾಗುತ್ತದೆ ಎಂದು ತೋರಿಸಬೇಕು. ದೆಹಲಿ ಹೈಕೋರ್ಟ್ 2007ರಲ್ಲೇ ಹೀಗೆ ಹೇಳಿದೆ.

‘ಕಡತ ಲಭ್ಯವಿಲ್ಲ’ ಎನ್ನುತ್ತಾರೆ.

ಕಾನೂನಿನ ವಿನಾಯಿತಿಗಳ ಪಟ್ಟಿಯಲ್ಲಿ ‘ಕಡತ ಕಳೆದಿದೆ’ ಎಂಬುದು ಇಲ್ಲ. ಮೊದಲು ಕೇಳಬೇಕಾದ್ದು: ಅವಧಿ ಮುಗಿದು ನಿಯಮದಂತೆ ನಾಶಪಡಿಸಿದ್ದೇ, ಅಥವಾ ಇರಬೇಕಾದ್ದು ಕಾಣೆಯಾಗಿದೆಯೇ? ನಾಶಪಡಿಸಿದ್ದರೆ ನಾಶಪಡಿಸಿದ ದಾಖಲೆಗಳ ವಹಿಯ ಪುಟ ಮತ್ತು ಅದಕ್ಕೆ ಸಿಕ್ಕ ಅನುಮೋದನೆಯ ಪ್ರತಿ ಕೇಳಿ. ಕಾಣೆಯಾಗಿದ್ದರೆ, ಕಡತ ಕೊನೆಗೆ ಯಾರ ವಶದಲ್ಲಿತ್ತು ಎಂದು ತೋರಿಸುವ ವಹಿ, ಅಧಿಕಾರ ಹಸ್ತಾಂತರದ ಪಟ್ಟಿ, ಪೊಲೀಸ್ ದೂರಿನ ಪ್ರತಿ ಕೇಳಿ. ಕರ್ನಾಟಕ ರಾಜ್ಯ ಸಾರ್ವಜನಿಕ ದಾಖಲೆಗಳ ಅಧಿನಿಯಮ 2010ರಂತೆ ದಾಖಲೆಯನ್ನು ಅಕ್ರಮವಾಗಿ ಸಾಗಿಸುವುದು, ನಾಶಪಡಿಸುವುದು ಶಿಕ್ಷಾರ್ಹ. ಮೇಲ್ಮನವಿಯಲ್ಲಿ ಈ ಕಾಯ್ದೆಯ ಹೆಸರು ಬರೆದ ಮೇಲೆ ಕಳೆದುಹೋದ ಕಡತ ಬೀರುವಿನ ಹಿಂದೆ ಸಿಗುವುದೂ ಉಂಟು.

ಸಹಕಾರ ಸಂಘ, ಖಾಸಗಿ ಶಾಲೆಗೆ ಅರ್ಜಿ ಹಾಕಬಹುದೇ?

ಸರ್ಕಾರದ ಒಡೆತನ, ನಿಯಂತ್ರಣ ಅಥವಾ ಗಣನೀಯ ಹಣಕಾಸು ನೆರವು ಇಲ್ಲದ ಸಹಕಾರ ಸಂಘ ಈ ಕಾನೂನಿನ ವ್ಯಾಪ್ತಿಗೆ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಕೇರಳದ ಪ್ರಕರಣವೊಂದರಲ್ಲಿ ಹೇಳಿದೆ. ಆದರೆ ಸಹಕಾರ ಸಂಘಗಳ ನಿಬಂಧಕರು ಕಾನೂನಿನಂತೆ ಸಂಘದಿಂದ ತರಿಸಿಕೊಳ್ಳಬಹುದಾದ ಮಾಹಿತಿಯನ್ನು ನಿಬಂಧಕರ ಕಚೇರಿಯಲ್ಲಿ ಕೇಳಬಹುದು. ಲೆಕ್ಕಪರಿಶೋಧನಾ ವರದಿಗೆ ಇದೇ ದಾರಿ. ಖಾಸಗಿ ಶಾಲೆಯ ಮಾನ್ಯತೆ, ತಪಾಸಣಾ ವರದಿಗೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಬರೆಯಿರಿ.

ಮೊದಲ ಮೇಲ್ಮನವಿ ಯಾವಾಗ, ಹೇಗೆ?

ಉತ್ತರ ಸಿಕ್ಕ ದಿನದಿಂದ, ಉತ್ತರವೇ ಬರದಿದ್ದರೆ ಗಡುವು ಮುಗಿದ ದಿನದಿಂದ 30 ದಿನದೊಳಗೆ. ಮಾಹಿತಿ ಅಧಿಕಾರಿಗಿಂತ ಮೇಲಿನ ಅಧಿಕಾರಿಯಾದ ಮೊದಲ ಮೇಲ್ಮನವಿ ಪ್ರಾಧಿಕಾರಿಗೆ ಕಲಂ 19(1) ಅಡಿ ಸಲ್ಲಿಸಬೇಕು. ಶುಲ್ಕವಿಲ್ಲ. ಅವರು 30 ದಿನದಲ್ಲಿ, ಕಾರಣ ದಾಖಲಿಸಿ ಹೆಚ್ಚೆಂದರೆ 45 ದಿನದಲ್ಲಿ ತೀರ್ಮಾನಿಸಬೇಕು.

ಇಲ್ಲಿ ಹೊಸ ದಾಖಲೆ ಕೇಳಬೇಡಿ. ಮೂಲ ಅರ್ಜಿಯಲ್ಲಿ ಇಲ್ಲದ್ದನ್ನು ಮೇಲ್ಮನವಿಯಲ್ಲಿ ಸೇರಿಸಿದರೆ ಅದೊಂದು ನೆಪವಾಗುತ್ತದೆ. ಒಂದೊಂದು ಅಂಶಕ್ಕೂ ಏನು ಕೇಳಿದ್ದೆ, ಏನು ಕೊಟ್ಟರು, ಏನು ಬಾಕಿ ಎಂದು ಮೂರು ಕಾಲಂ ಮಾಡಿ ಬರೆದರೆ ಓದುವವರಿಗೆ ತಪ್ಪಿಸಿಕೊಳ್ಳಲು ಜಾಗವಿರುವುದಿಲ್ಲ. ನಿರಾಕರಣೆಯ ಪತ್ರದಲ್ಲಿ ಕಾರಣ, ಮೇಲ್ಮನವಿಯ ಅವಧಿ, ಪ್ರಾಧಿಕಾರಿಯ ವಿವರ ಇರಲೇಬೇಕೆಂದು ಕಲಂ 7(8) ಹೇಳುತ್ತದೆ. ಇಲ್ಲದಿದ್ದರೆ ಅದನ್ನೂ ಎತ್ತಿ ತೋರಿಸಿ.

ಆಯೋಗಕ್ಕೆ ಹೋಗುವಾಗ ಕಲಂ 18ರ ದೂರೋ, 19(3)ರ ಎರಡನೇ ಮೇಲ್ಮನವಿಯೋ?

ಬಹಳ ಜನ ಇಲ್ಲಿ ತಪ್ಪು ಬಾಗಿಲು ತಟ್ಟುತ್ತಾರೆ. ಕಲಂ 18ರ ದೂರಿನಲ್ಲಿ ಆಯೋಗ ಅಧಿಕಾರಿಗೆ ದಂಡ ಹಾಕಬಹುದೇ ಹೊರತು ಮಾಹಿತಿ ಕೊಡಿಸುವ ಆದೇಶ ಮಾಡಲಾಗದು. ಮಣಿಪುರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2011ರಲ್ಲಿ ಹೀಗೆ ತೀರ್ಪು ಕೊಟ್ಟಿದೆ. ಮೊದಲ ಮೇಲ್ಮನವಿ ಬಿಟ್ಟು ನೇರ ದೂರು ಕೊಟ್ಟವರಿಗೆ ಗೆದ್ದರೂ ಕಾಗದ ಕೈಗೆ ಬರುವುದಿಲ್ಲ. ಮಾಹಿತಿಯೇ ಬೇಕಿದ್ದರೆ 19(3)ರ ಎರಡನೇ ಮೇಲ್ಮನವಿ, 90 ದಿನದೊಳಗೆ.

ವಿಳಾಸ: ಕರ್ನಾಟಕ ಮಾಹಿತಿ ಆಯೋಗ, ಮಾಹಿತಿ ಸೌಧ, ದೇವರಾಜ ಅರಸು ರಸ್ತೆ, ಬೆಂಗಳೂರು. ಬೆಳಗಾವಿ, ಕಲಬುರಗಿಯಲ್ಲಿ ಪೀಠಗಳಿವೆ. ಮೂಲ ಅರ್ಜಿ, ಶುಲ್ಕದ ರಸೀದಿ, ಹಿಂಬರಹ, ಮೊದಲ ಮೇಲ್ಮನವಿ, ಅದರ ಆದೇಶ, ಅಂಚೆ ರಸೀದಿಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ, ಪುಟ ಸಂಖ್ಯೆ ಹಾಕಿ, ಮೇಲೊಂದು ಪರಿವಿಡಿ ಇಡಿ. ಎದುರುದಾರರಿಗೂ ಒಂದು ಪ್ರತಿ ಕಳಿಸಿ, ಕಳಿಸಿದ ರಸೀದಿಯನ್ನು ಲಗತ್ತಿಸಿ. ವಿಚಾರಣೆಗೆ ತಿಂಗಳುಗಳೇ ಹಿಡಿಯಬಹುದು.

ವಿಚಾರಣೆಯ ಹಿಂದಿನ ದಿನ ಅರೆಬರೆ ಮಾಹಿತಿ ಕೈಗಿಟ್ಟು ‘ಮಾಹಿತಿ ಸ್ವೀಕರಿಸಿದ್ದೇನೆ, ತೃಪ್ತನಾಗಿದ್ದೇನೆ’ ಎಂದು ಬರೆಸಿಕೊಳ್ಳುವ ರೂಢಿ ಇದೆ. ಪುಟ ಎಣಿಸಿ, ‘ಇಷ್ಟು ಪುಟ ಸ್ವೀಕರಿಸಿದೆ, ಪರಿಶೀಲನೆಗೆ ಒಳಪಟ್ಟು’ ಎಂದಷ್ಟೇ ಸಹಿ ಮಾಡಿ.

ದಂಡ ಎಷ್ಟು? ಅದು ನನಗೆ ಸಿಗುತ್ತದೆಯೇ?

ದಿನಕ್ಕೆ 250 ರೂಪಾಯಿಯಂತೆ ಗರಿಷ್ಠ 25,000 ರೂಪಾಯಿ. ಅಧಿಕಾರಿಯ ಸ್ವಂತ ಜೇಬಿನಿಂದ ಹೋಗುವ ಈ ಹಣ ಸರ್ಕಾರಕ್ಕೆ ಸೇರುತ್ತದೆ, ಅರ್ಜಿದಾರರಿಗಲ್ಲ. ಸಕಾರಣವಾಗಿ ನಡೆದುಕೊಂಡೆ ಎಂದು ಸಾಬೀತುಪಡಿಸುವ ಭಾರ ಅಧಿಕಾರಿಯದೇ. ನಿಮಗಾದ ನಷ್ಟಕ್ಕೆ ಕಲಂ 19(8)(ಬಿ) ಅಡಿ ಪರಿಹಾರ ಕೇಳಬಹುದು. ಅದನ್ನು ಕಚೇರಿ ಕೊಡಬೇಕು. ಓಡಾಟದ ಟಿಕೆಟ್, ಕೆಲಸ ತಪ್ಪಿದ ದಿನಗಳ ಲೆಕ್ಕ ಇಟ್ಟವರಿಗೆ ಇದನ್ನು ಕೇಳುವುದು ಸುಲಭ.

ದಾಖಲೆ ಸಿಕ್ಕಿತು, ಅಕ್ರಮವೂ ಕಾಣುತ್ತಿದೆ. ಆಯೋಗ ಕ್ರಮ ಕೈಗೊಳ್ಳುತ್ತದೆಯೇ?

ಇಲ್ಲ. ಆಯೋಗದ ಕೆಲಸ ಮಾಹಿತಿ ಕೊಡಿಸುವಲ್ಲಿಗೆ ಮುಗಿಯುತ್ತದೆ. ಮುಂದಿನದಕ್ಕೆ ಲೋಕಾಯುಕ್ತಕ್ಕೆ ನಮೂನೆ 1ರಲ್ಲಿ ದೂರು, ನಮೂನೆ 2ರಲ್ಲಿ ಪ್ರಮಾಣಪತ್ರ (ಅಫಿಡವಿಟ್) ಸಲ್ಲಿಸಬೇಕು. ಜೊತೆಗೆ ಪ್ರತಿ ಪುಟಕ್ಕೂ ಮೊಹರಿರುವ ದೃಢೀಕೃತ ಪ್ರತಿಗಳನ್ನು ಇಡಿ. ಅಳತೆ ಪುಸ್ತಕದಲ್ಲಿ ಬರೆದ ಉದ್ದ, ಅಗಲ, ದಪ್ಪವನ್ನು ಸ್ಥಳದಲ್ಲಿ ಟೇಪು ಹಿಡಿದು ಅಳೆದು, ವ್ಯತ್ಯಾಸವನ್ನು ಫೋಟೊ ಸಮೇತ ಒಂದೇ ಹಾಳೆಯಲ್ಲಿ ತೋರಿಸಿದ ದೂರು, ಹತ್ತು ಪುಟದ ಆರೋಪಕ್ಕಿಂತ ಬೇಗ ಮುಂದೆ ಸಾಗುತ್ತದೆ. ದಾಖಲೆಯಲ್ಲಿ ಯಾರದೋ ಬ್ಯಾಂಕ್ ಖಾತೆ, ಆಧಾರ್ ಸಂಖ್ಯೆ ಇದ್ದರೆ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವ ಮುನ್ನ ಅದನ್ನು ಮಸಿ ಬಳಿದು ಮುಚ್ಚಿ.